ಮೆಟ್ಟಿಲಿಲ್ಲದ ಊರಿನಲ್ಲಿ ನಾನು ಗಾಯಾಳು ಯೋಧನಾದದ್ದು

ಧರ್ಮಪುರದ ಅಡುಗೆಮನೆ

ಹೊಸದುರ್ಗದ ಹೈಸ್ಕೂಲಿನಲ್ಲಿ ನಿವೃತ್ತನಾಗುವವರೆಗೂ ನಾನು ಭೂಗೋಳ ಪಾಠ ಮಾಡಿದವನು. ಇಂಗ್ಲೆಂಡಿನ ನಕಾಶೆಯನ್ನು ಪುಸ್ತಕ ನೋಡದೆ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆ. ಅಲ್ಲಿ ಮಳೆ ಯಾವಾಗ ಬರುತ್ತದೆ, ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ, ಕಲ್ಲಿದ್ದಲು ಎಲ್ಲಿ ಸಿಗುತ್ತದೆ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿ, ಒಪ್ಪಿಸದವರ ಕಿವಿ ಹಿಂಡಿದ್ದೇನೆ. ಅಂಥ ನಾನು ಹೋದ ವರ್ಷ ಆ ದೇಶಕ್ಕೇ ಹೋಗಿ ಮಾಡಿಕೊಂಡ ಅವಾಂತರಗಳನ್ನು ನನ್ನ ಹಳೆಯ ವಿದ್ಯಾರ್ಥಿಗಳು ಓದಿದರೆ ಅವರ ಕಿವಿಗಳಿಗೆ ಒಂದಿಷ್ಟು ಸಮಾಧಾನವಾದೀತು.

ಹೋಗಬೇಕಾಗಿದ್ದವರು ನಮ್ಮ ಭಾವ, ಹವಾಲ್ದಾರ್ ಕರಿಯಣ್ಣ. ನನ್ನ ಅಕ್ಕನ ಗಂಡ. ಹಿರಿಯೂರು ತಾಲ್ಲೂಕಿನ ಧರ್ಮಪುರದಲ್ಲಿ ಶೇಂಗಾ ಹೊಲ, ಒಂದು ಕುರಿಹಿಂಡು ಇಟ್ಟುಕೊಂಡಿದ್ದಾರೆ. ಸೈನ್ಯದಲ್ಲಿದ್ದಾಗ ಗಡಿಯಲ್ಲಿ ನೆಲಬಾಂಬಿನ ಮೇಲೆ ಕಾಲಿಟ್ಟು ಎಡಗಾಲು ಮಂಡಿಯಿಂದ ಕೆಳಗೆ ಹೋಯಿತು. ಸೈನ್ಯದವರು ಕೊಟ್ಟ ಕೃತಕ ಕಾಲು ಕಟ್ಟಿಕೊಂಡು ಊರಿಗೆ ಬಂದವರು ಅದನ್ನು ಅಕ್ಕನ ಹೊರತು ಯಾರ ಕಣ್ಣಿಗೂ ಬೀಳಿಸಲಿಲ್ಲ. ಕುರಿಗಳ ಹಿಂದೆ ಹೋಗುವಾಗಲೂ ಪ್ಯಾಂಟೇ. ಹೊರಕೆರೆದೇವಪುರದಲ್ಲಿ ನಮ್ಮ ಬೀಗರ ಮನೆಯಿದೆ. ಅದರ ಜಗಲಿ ಎತ್ತರ. ತಾವು ಅದನ್ನು ಹತ್ತುವುದನ್ನು ನಾಲ್ಕು ಜನ ನಿಂತು ನೋಡುತ್ತಾರೆಂದು ಭಾವ ಆ ಮನೆಗೆ ಹೋಗುವುದನ್ನು ಬಿಟ್ಟರು. ಆಮೇಲೆ ಹೀಗೇ ಒಂದೊಂದೇ ಮನೆ ಬಿಡುತ್ತಾ ಬಂದು, ಕೊನೆಗೆ ಅವರ ಲೋಕವೆಲ್ಲ ಹೊಲ ಮತ್ತು ಮನೆಯಷ್ಟೇ ಆಯಿತು.

ಈಚೆಗೆ ಆ ಮೊಂಡುಗಾಲಿನಲ್ಲಿ ಹುಣ್ಣಾಗಿತ್ತು. ಅಕ್ಕ ಜಗಳವಾಡಿ ಹಿರಿಯೂರಿಗೆ ಕರೆದುಕೊಂಡು ಹೋದಾಗ ಅಲ್ಲಿನ ಡಾಕ್ಟರು, ಹೀಗೇ ಬಿಟ್ಟರೆ ಮಂಡಿಯ ಮೇಲಕ್ಕೆ ಕತ್ತರಿಸಬೇಕಾದೀತು ಎಂದರಂತೆ. ಭಾವ ಎದ್ದು ಬಂದವರು ಮತ್ತೆ ಯಾವ ಡಾಕ್ಟರ ಮುಖವನ್ನೂ ನೋಡಲಿಲ್ಲ.

ಅವರ ಮಗಳು ಗಿರಿಜಾ ಇಂಗ್ಲೆಂಡಿನಲ್ಲಿ ನರ್ಸು. ಯುದ್ಧದಲ್ಲಿ ಅಂಗ ಕಳೆದುಕೊಂಡ ಸೈನಿಕರಿಗಾಗಿ ದಾನಿಗಳ ದುಡ್ಡಿನಲ್ಲಿ ಕಟ್ಟಿದ ಹಳ್ಳಿಯೊಂದು ಅಲ್ಲಿದೆ. ಆ ಹಳ್ಳಿಯ ಆರೈಕೆ ಮನೆಯಲ್ಲಿ ಅವಳಿಗೆ ಕೆಲಸ. ತಾಯಿ ಮಗಳು ಫೋನಿನಲ್ಲೇ ಮಸಲತ್ತು ಮಾಡಿ, "ನಾನು ಕೆಲ್ಸ ಮಾಡೋ ಊರು ನೋಡೋಕೆ ಬಾ ಅಪ್ಪ" ಎಂದು ಭಾವನನ್ನು ಒಪ್ಪಿಸಿದರು. ಅದಾದ ಮೇಲೆ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು.

"ನೀನೂ ಹೋಗಪ್ಪ ಅವ್ರ ಜೊತೆಗೆ. ನಿಂಗೆ ಇಂಗ್ಲೀಷ್ ಬರ್ತೈತಲ್ಲ."

"ಬರ್ತೈತಕ್ಕ," ಎಂದೆ. ನಾನು ಆಡಿದ ಸುಳ್ಳುಗಳಲ್ಲಿ ಅಷ್ಟು ಚಿಕ್ಕದು, ಅಷ್ಟು ದುಬಾರಿಯಾದದ್ದು ಇನ್ನೊಂದಿಲ್ಲ.

"ಅಲ್ಲಿ ಯಾರಿಗಾದ್ರೂ ಆ ಕಾಲು ತೋರಿಸ್ಕಂಡೇ ಬರ್ಬೇಕು. ಹಂಗೇ ವಾಪಸ್ ಕರ್ಕಂಡು ಬಂದ್ಯೋ, ನಮ್ಮನೆ ಕಡೆ ತಲೆ ಹಾಕ್ಬ್ಯಾಡ."

ಹೀಗೆ ನಾನು ದುಭಾಷಿಯೂ ಗೂಢಚಾರನೂ ಆಗಿ ಹೊರಟೆ. ಎರಡಕ್ಕೂ ನಾನು ಲಾಯಕ್ಕಲ್ಲ ಎಂಬುದು ಬೆಂಗಳೂರು ದಾಟುವ ಮೊದಲೇ ಗೊತ್ತಾಯಿತು.

ವಿಮಾನ ನಿಲ್ದಾಣಗಳು

ಬೆಂಗಳೂರಿನಲ್ಲಿ ತಪಾಸಣೆಯ ಚೌಕಟ್ಟು ದಾಟುತ್ತಲೇ ಭಾವನ ಕಾಲಿಗೆ ಯಂತ್ರ ಅರಚಿಕೊಂಡಿತು. ಸಮವಸ್ತ್ರದ ಯುವಕನೊಬ್ಬ ಅವರನ್ನು ಪಕ್ಕಕ್ಕೆ ನಿಲ್ಲಿಸಿದ. ನನ್ನ ಕೆಲಸ ಶುರುವಾಯಿತೆಂದು ನಾನು ಮುನ್ನುಗ್ಗಿ, ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡಿದ್ದ ಇಂಗ್ಲಿಷ್ ವಾಕ್ಯವನ್ನು ಒಪ್ಪಿಸಿದೆ. ಈ ಮಹನೀಯರ ಎಡಗಾಲು ಅವರ ಸ್ವಂತದ್ದಲ್ಲ ಎಂಬುದು ಅದರ ತಾತ್ಪರ್ಯ.

ಯುವಕ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಮತ್ತೆ ಯಾರ್ದು ಯಜಮಾನ್ರೆ? ಕನ್ನಡದಾಗೇ ಹೇಳ್ರಿ, ನಾನು ದಾವಣಗೆರೆಯೋನು."

ಹಿಂದಿದ್ದ ಸಾಲಿನವರೆಲ್ಲ ನಕ್ಕರು. ಭಾವ ನಗಲಿಲ್ಲ. ಅವರನ್ನು ಪರದೆಯ ಹಿಂದಕ್ಕೆ ಕರೆದುಕೊಂಡು ಹೋದರು. ಬಂದಾಗ ಮುಖ ಕಟ್ಟಿಹೋಗಿತ್ತು. ವಿಮಾನ ಹಾರಿ, ಊಟ ಬಂದು, ತಟ್ಟೆಗಳನ್ನು ತೆಗೆದುಕೊಂಡು ಹೋದ ಮೇಲೆ ಒಂದೇ ಮಾತು ಆಡಿದರು.

"ಎಷ್ಟು ಸಲ ಬಿಚ್ಚಿ ತೋರಿಸ್ಬೇಕು ಮೇಷ್ಟ್ರೆ ಇದನ್ನ?"

ಅಕ್ಕ ಹೇಳಿಕೊಟ್ಟ ಮಾತು ತೆಗೆಯಲು ಅದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ. ನಾನು ಮಾತ್ರ ಕೇಳಿಸದವನಂತೆ ಕಿಟಕಿಯ ಕಡೆ ತಿರುಗಿ ಮೋಡ ನೋಡತೊಡಗಿದೆ. ನಮ್ಮದು ನಡುಸಾಲಿನ ಸೀಟು. ನಾನು ನೋಡುತ್ತಿದ್ದದ್ದು ಪಕ್ಕದಲ್ಲಿ ಮಲಗಿದ್ದ ಹೆಂಗಸಿನ ಬಿಳಿ ಕಂಬಳಿಯನ್ನು.

ಲಂಡನ್ನಿನಲ್ಲಿಳಿದಾಗ ಕೊರೆಯುವ ಚಳಿ. ಭೂಗೋಳದ ಮೇಷ್ಟ್ರಿಗೆ ಅದು ಗೊತ್ತಿರಲಿಲ್ಲವೇ ಎಂದು ಕೇಳಬೇಡಿ. ಗೊತ್ತಿತ್ತು. ಅದಕ್ಕೇ ಸ್ವೆಟರು, ಕೋಟು, ಮಫ್ಲರು ಎಲ್ಲವನ್ನೂ ಸೂಟ್‌ಕೇಸಿಗೆ ತುಂಬಿದ್ದೆ. ಸೂಟ್‌ಕೇಸು ಬೇರೆ ಯಾವುದೋ ದೇಶಕ್ಕೆ ಹೋಗಿತ್ತು. ಹಲ್ಲು ಕಟಕಟ ಎನ್ನುತ್ತಾ ನಿಂತಿದ್ದ ನನಗೆ ಭಾವ ತಮ್ಮ ನೀಲಿ ಬ್ಲೇಜರನ್ನು ಬಿಚ್ಚಿ ಕೊಟ್ಟರು. ಜೇಬಿನ ಮೇಲೆ ಅವರ ರೆಜಿಮೆಂಟಿನ ಲಾಂಛನ, ಹೊಳೆಯುವ ಹಿತ್ತಾಳೆ ಗುಂಡಿಗಳು.

"ಹಾಕ್ಕಳ್ರಿ. ಹಿಮದಾಗೆ ಮಲಗಿದೋನು ನಾನು, ನಂಗೆ ಇದೊಂದು ಚಳಿಯಾ?"

ಹಾಕಿಕೊಂಡೆ. ಮುಂದಿನ ಅನಾಹುತಕ್ಕೆ ವೇಷ ಸಿದ್ಧವಾದದ್ದು ಹೀಗೆ.

ಹಳ್ಳಿ, ಮೊದಲ ದಿನ

ಹಳ್ಳಿಯ ಹೆಸರನ್ನು ಬರೆಯುವುದಿಲ್ಲ. ನನ್ನ ಅವಾಂತರದ ಜೊತೆ ಅದು ಸೇರುವುದು ಬೇಡ. ಗಿರಿಜಾ ಕಾರಿನಲ್ಲಿ ಕರೆದುಕೊಂಡು ಹೋದಳು. ನಡುವೆ ದೊಡ್ಡ ಹುಲ್ಲುಬಯಲು, ಸುತ್ತ ಕೆಂಪು ಹೆಂಚಿನ ಸಣ್ಣ ಸಣ್ಣ ಮನೆಗಳು, ಪ್ರತಿ ಮನೆಗೂ ಕೈತೋಟ. ಬಾಗಿಲ ಮೇಲೆ ಒಂದೊಂದು ಕಲ್ಲು, ಅದರಲ್ಲಿ ಒಬ್ಬೊಬ್ಬ ಮನುಷ್ಯನ ಹೆಸರು. ದಾರಿಯಲ್ಲಿ ಎದುರಾದವರು ನಿಂತು ಮಾತಾಡಿಸುತ್ತಿದ್ದರು, ಆದರೆ ಮೊದಲು ನಾಯಿಗಳನ್ನು. ಎಲ್ಲರ ನಾಯಿಯ ಹೆಸರೂ ಎಲ್ಲರಿಗೂ ಗೊತ್ತು. ನಮ್ಮ ಹೊಸದುರ್ಗದಲ್ಲಾದರೆ ಬಸ್ಸಿಳಿದವನಿಗೆ ಯಾವೂರು, ಯಾರ ಮನೆ, ಎಷ್ಟು ಮಕ್ಕಳು ಎಂದು ಕೇಳಿಯೇ ದಾರಿ ಬಿಡುವುದು. ಇಲ್ಲಿ ಯಾರೂ ಏನೂ ಕೇಳದಿದ್ದಾಗ ನಾನು ಇಲ್ಲವೇ ಇಲ್ಲವೇನೋ ಎನಿಸಿಬಿಟ್ಟಿತು.

ಒಂದು ವಿಚಿತ್ರ ನನ್ನ ಕಣ್ಣಿಗೆ ಬಿತ್ತು. ಯಾವ ಮನೆಗೂ ಮೆಟ್ಟಿಲಿಲ್ಲ. ಹೊಸ್ತಿಲಿಲ್ಲ. ರಸ್ತೆಯಿಂದ ಸಣ್ಣ ಇಳಿಜಾರೊಂದು ನೇರ ನಡುಮನೆಗೇ ಹೋಗುತ್ತದೆ. ಬಾಗಿಲುಗಳೋ ನಮ್ಮ ಕಡೆಯ ಎರಡು ಬಾಗಿಲಿನಷ್ಟು ಅಗಲ. ನಾನು ತಕ್ಷಣ ಪಾಠ ಶುರುಮಾಡಿದೆ. ಇಲ್ಲಿಯ ಮಳೆ ನಮ್ಮ ಮಳೆಯಂತೆ ಒಮ್ಮೆಲೇ ಸುರಿಯದೆ ವರ್ಷವಿಡೀ ತುಂತುರಾಗಿ ಬರುವುದರಿಂದ ನೀರು ಒಳಗೆ ನುಗ್ಗುವ ಭಯವಿಲ್ಲವೆಂದೂ, ಆದ್ದರಿಂದ ಎತ್ತರದ ತಳಪಾಯದ ಅಗತ್ಯ ಬೀಳಲಿಲ್ಲವೆಂದೂ, ಅಗಲವಾದ ಬಾಗಿಲು ಬಿಸಿಲು ಕಡಿಮೆಯಿರುವ ದೇಶಗಳ ಲಕ್ಷಣವೆಂದೂ ವಿವರಿಸಿದೆ.

ಗಿರಿಜಾ ನಾನು ಮುಗಿಸುವವರೆಗೂ ಕಾದಳು. "ಮಾಮ, ಇಲ್ಲಿದ್ದೋರಿಗೆ ಕಾಲಿರ್ಲಿಲ್ಲ," ಎಂದಳು.

ಆಮೇಲೆ ಕಥೆ ಹೇಳಿದಳು. ಮೊದಲ ಮಹಾಯುದ್ಧ ಮುಗಿದಾಗ ಕಾಲಿಲ್ಲದವರು, ಕೈಯಿಲ್ಲದವರು, ವಿಷಗಾಳಿಗೆ ಶ್ವಾಸಕೋಶ ಸುಟ್ಟವರು ಗುಂಪುಗುಂಪಾಗಿ ಊರಿಗೆ ಬಂದರು. ಆಸ್ಪತ್ರೆಯಿಂದ ಹೊರಗೆ ಬಂದವರಿಗೆ ಹೋಗಲು ಜಾಗವಿರಲಿಲ್ಲ. ಬಾಡಿಗೆ ಮನೆಗಳಿಗೆಲ್ಲ ಕಡಿದಾದ ಮೆಟ್ಟಿಲು. ಒಬ್ಬ ಜಮೀನುದಾರ ಈ ನೆಲ ಕೊಟ್ಟ. ಸುತ್ತಲ ಊರುಗಳ ಜನ ದುಡ್ಡು ಕೂಡಿಸಿದರು. ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಒಂದೊಂದು ಕುಟುಂಬ ಸತ್ತ ಮಗನ ಹೆಸರಿನಲ್ಲಿ ಒಂದೊಂದು ಮನೆ ಕಟ್ಟಿಸಿ, ಬದುಕಿ ಬಂದವನಿಗೆ ಕೊಟ್ಟಿತು. ಬಾಗಿಲ ಮೇಲಿನ ಹೆಸರುಗಳು ಆ ಮಕ್ಕಳವು. ಹಳ್ಳಿಯಲ್ಲೇ ಬುಟ್ಟಿ ಹೆಣೆಯುವ, ಮರಗೆಲಸ ಮಾಡುವ ಕಾರ್ಖಾನೆಯಿತ್ತು. ಯಾರೂ ಕೈ ಚಾಚಿ ಬದುಕಬೇಕಾಗಿರಲಿಲ್ಲ. ಆ ಕಾಲದವರೆಲ್ಲ ಹೋಗಿ, ಈಗ ಆಮೇಲಿನ ಯುದ್ಧಗಳವರು ಇದ್ದಾರೆ.

ಭಾವ ಒಂದು ಮನೆಯ ಮುಂದೆ ನಿಂತು, ಯಾರಿಗೂ ಕಾಣಿಸದೆಂದುಕೊಂಡು, ಬೂಟಿನ ತುದಿಯಿಂದ ಆ ಇಳಿಜಾರನ್ನು ಒತ್ತಿ ನೋಡಿದರು.

ಎರಡನೆಯ ದಿನ: ಎಲೆ

ಶರತ್ಕಾಲ. ದಾರಿಯ ಮೇಲೆಲ್ಲ ಒದ್ದೆ ಎಲೆ. ಎಲೆ ಉದುರಿಸುವ ಮರಗಳು ಚಳಿಗಾಲಕ್ಕೆ ಹೇಗೆ ಸಿದ್ಧವಾಗುತ್ತವೆಂದು ಭಾವನಿಗೆ ಕೈ ಎತ್ತಿ ತೋರಿಸುತ್ತಾ ನಡೆಯುತ್ತಿದ್ದೆ. ಮರ ಮೇಲಿತ್ತು, ಎಲೆ ಕೆಳಗಿತ್ತು. ಪಾಠ ಮುಗಿಯುವ ಮೊದಲೇ ನಾನು ಕೆಳಗಿದ್ದೆ.

ಬಲಗಾಲಿನ ಹರಡು ಬೂದುಗುಂಬಳದಂತೆ ಊದಿತು. ಗಿರಿಜಾ ಓಡಿ ಬಂದು, ಮುಟ್ಟಿ ನೋಡಿ, ಮುರಿದಿಲ್ಲ, ಉಳುಕಿದೆ, ನೆಲಕ್ಕೆ ಊರಬಾರದು ಎಂದು ಪಟ್ಟಿ ಸುತ್ತಿ, ಆರೈಕೆ ಮನೆಯಿಂದ ಗಾಲಿಕುರ್ಚಿ ತಂದಳು. ನನಗೆ ಆ ಕುರ್ಚಿಯಲ್ಲಿ ಕೂರಲು ನಾಚಿಕೆ. ಕುಂಟುತ್ತಲೇ ಬರುತ್ತೇನೆಂದೆ.

"ಸುಮ್ನೆ ಕುಂತ್ಕಳ್ರಿ ಮೇಷ್ಟ್ರೆ," ಎಂದು ಭಾವ ನನ್ನ ಹೆಗಲು ಒತ್ತಿದರು. "ನಾನು ತಳ್ತೀನಿ. ಹೋಗಾಣ."

ಹೀಗೆ ಒಂದು ಕಾಲಿಲ್ಲದವರು ಎರಡು ಕಾಲಿದ್ದವನನ್ನು ತಳ್ಳಿಕೊಂಡು ಹಳ್ಳಿಯ ಸುತ್ತ ಹೊರಟರು. ಅಲ್ಲಿಂದ ಎಲ್ಲವೂ ಬದಲಾಯಿತು. ನಿನ್ನೆ ನಾಯಿಗಳನ್ನಷ್ಟೇ ಮಾತಾಡಿಸಿದವರು ಇಂದು ನನ್ನ ಮುಂದೆ ನಿಂತು ಟೋಪಿ ತೆಗೆದರು. ಒಬ್ಬಾಕೆ ಬೇಲಿಯಾಚೆಯಿಂದ ಹೂವು ಕಿತ್ತು ಕೊಟ್ಟಳು. ಕೋಲು ಊರಿಕೊಂಡು ಬಂದ ಮುದುಕನೊಬ್ಬ ನನ್ನ ಎದೆಯ ಲಾಂಛನವನ್ನು ನೋಡಿ, ಬೆನ್ನು ನೆಟ್ಟಗೆ ಮಾಡಿ, ಸಲ್ಯೂಟ್ ಹೊಡೆದ. ಆಗ ನನಗೆ ಅರ್ಥವಾಯಿತು. ಬ್ಲೇಜರು ನನ್ನ ಮೈಮೇಲೆ, ಗಾಲಿಕುರ್ಚಿಯಲ್ಲಿ ನಾನು. ಭಾರತದಿಂದ ಗಾಯಾಳು ಯೋಧನೊಬ್ಬ ಬರುತ್ತಾನೆಂದು ಗಿರಿಜಾ ಮೊದಲೇ ಹೇಳಿದ್ದಳು. ನಾನೇ ಆ ಯೋಧ.

ನಾನು "ನೋ, ನೋ" ಎಂದೆ. ಅದನ್ನು ಅವನು ವಿನಯವೆಂದುಕೊಂಡು ಇನ್ನೂ ಜೋರಾಗಿ ಸಲ್ಯೂಟ್ ಹೊಡೆದ. ಮರ್ಯಾದೆಗೆ ತಿರುಗಿ ಸಲ್ಯೂಟ್ ಮಾಡಿದೆ. ಎಡಗೈಯಲ್ಲಿ. ಹಿಂದಿನಿಂದ ಗೊರಗೊರ ಸದ್ದು ಬಂತು. ಬೆಂಗಳೂರಿನ ಪರದೆಯ ಹಿಂದೆ ಹೋಗಿ ಬಂದ ಮೇಲೆ ಭಾವ ಮೊದಲ ಸಲ ನಗುತ್ತಿದ್ದರು.

ಗಿರಿಜಾ ಎಲ್ಲರಿಗೂ ನಿಜ ಹೇಳಿಬಿಡುತ್ತೇನೆಂದಳು. ಭಾವ ತಡೆದರು. "ಇರ್ಲಿ ಬಿಡವ್ವ. ಹಿಂಗಿದ್ರೆ ನನ್ನ ತಂಟೆಗೆ ಯಾರೂ ಬರಲ್ಲ."

ಆ ಮಾತು ಕೇಳಿ ನನಗೆ ನಗು ನಿಂತಿತು. ಕಾಲು ತೋರಿಸಲು ಕರೆತಂದವನು ನಾನು, ಈಗ ಅವರು ಕಾಲನ್ನು ಬಚ್ಚಿಟ್ಟುಕೊಳ್ಳಲು ಸಿಕ್ಕ ಮರೆಯೂ ನಾನೇ.

ಮಾರ್ಗರೆಟ್ ಅಜ್ಜಿಯ ಮನೆ

ಆ ಮಧ್ಯಾಹ್ನ ಗಿರಿಜಾ ನಮ್ಮನ್ನು ಮಾರ್ಗರೆಟ್ ಎಂಬ ಮುದುಕಿಯ ಮನೆಗೆ ಕರೆದುಕೊಂಡು ಹೋದಳು. ತೊಂಬತ್ತು ದಾಟಿದಾಕೆ. ಹುಟ್ಟಿದ್ದು ಆ ಮನೆಯಲ್ಲೇ. ಕುರ್ಚಿಯನ್ನು ಎತ್ತದೆ ಇಳಿಸದೆ ಭಾವ ನನ್ನನ್ನು ಬೀದಿಯಿಂದ ಆಕೆಯ ಟೀ ಮೇಜಿನವರೆಗೂ ತಳ್ಳಿದರು. ಆಕೆಯ ಇಂಗ್ಲಿಷ್ ನನಗೆ, ನನ್ನ ಇಂಗ್ಲಿಷ್ ಆಕೆಗೆ ಒಂದಿಷ್ಟೂ ಹತ್ತಲಿಲ್ಲ. ದುಭಾಷಿಯಾಗಿ ಬಂದವನಿಗೂ ಗಿರಿಜಾಳೇ ದುಭಾಷಿಯಾದಳು.

ಆಕೆಯ ತಂದೆ ಆ ಯುದ್ಧದಲ್ಲಿ ಬಲಗೈ ಕಳೆದುಕೊಂಡವನು. ವಿಷಗಾಳಿ ಕುಡಿದವನು. ಒಂದೇ ಕೈಯಲ್ಲಿ, ಬೆತ್ತವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಬುಟ್ಟಿ ಹೆಣೆಯುತ್ತಿದ್ದನಂತೆ. ಬಾಗಿಲ ಮೇಲಿನ ಹೆಸರಿನ ಹುಡುಗನ ತಾಯಿ ವರ್ಷಕ್ಕೊಮ್ಮೆ, ಮಗನ ಹುಟ್ಟುಹಬ್ಬದ ದಿನ, ಕಪ್ಪು ಬಟ್ಟೆ ಹಾಕಿಕೊಂಡು ಬರುತ್ತಿದ್ದಳಂತೆ. ಹೆಚ್ಚು ಮಾತಿಲ್ಲ. ನಡುಮನೆಯಲ್ಲಿ ಕೂತು ಟೀ ಕುಡಿಯುವಳು, ಮಾರ್ಗರೆಟ್‌ಳ ತಂದೆಯ ಮುಖ ನೋಡುವಳು, ಹೋಗುವಳು.

"ನನಗೆ ಆಕೆಯನ್ನು ಕಂಡರೆ ಭಯವಾಗುತ್ತಿತ್ತು," ಎಂದಳು ಅಜ್ಜಿ. "ದೊಡ್ಡವಳಾದ ಮೇಲೆ ತಿಳಿಯಿತು. ತನ್ನ ಮಗನ ಮನೆಯಲ್ಲಿ ಈ ಮನುಷ್ಯ ಚೆನ್ನಾಗಿ ಬದುಕುತ್ತಿದ್ದಾನೆಯೇ ಎಂದು ನೋಡಲು ಬರುತ್ತಿದ್ದಳು."

ಆಮೇಲೆ ಆಕೆ ಹೇಳಿದ್ದು ಆ ಹಳ್ಳಿಯ ಬಗ್ಗೆ ಯಾವ ಫಲಕದಲ್ಲೂ ಬರೆದಿಲ್ಲದ ಸಂಗತಿ. ಮನೆ ಸೈನಿಕನಿಗೆ ಮಾತ್ರ. ಅವನು ಸತ್ತರೆ ಹೆಂಡತಿ ಮಕ್ಕಳು ಖಾಲಿ ಮಾಡಬೇಕು, ಕಾಯುತ್ತಿರುವ ಇನ್ನೊಬ್ಬ ಅಂಗವಿಕಲನಿಗೆ ಮನೆ ಹೋಗಬೇಕು. ನಿಯಮ ಕೇಳಲು ನ್ಯಾಯವಾಗಿಯೇ ಇತ್ತು. ಮಾರ್ಗರೆಟ್‌ಳ ತಂದೆ ಸತ್ತಾಗ ಆಕೆ ಶಾಲೆಗೆ ಹೋಗುವ ಹುಡುಗಿ. ಸಮಿತಿಯವರು ಮನೆಯನ್ನು ವಶಕ್ಕೆ ತೆಗೆದುಕೊಳ್ಳಲು ಕಾರಿನಲ್ಲಿ ಬರುತ್ತಾರೆಂದು ಸುದ್ದಿಯಾಯಿತು. ತಾಯಿ ಪಾತ್ರೆಗಳನ್ನು ಕಟ್ಟಿ ಕೂತಿದ್ದಳು.

ಸಮಿತಿಯವರು ಬರುವ ಹೊತ್ತಿಗೆ ಪಕ್ಕದ ಮನೆಯವನು ಗಾಲಿಕುರ್ಚಿ ಉರುಳಿಸಿಕೊಂಡು ಬಂದು ಇವರ ಗೇಟಿಗೆ ಅಡ್ಡ ನಿಂತ. ಅವನ ಹಿಂದೆ ಊರುಗೋಲಿನವನೊಬ್ಬ. ಆಮೇಲೆ ಒಬ್ಬೊಬ್ಬರಾಗಿ ಹಳ್ಳಿಯ ಗಂಡಸರೆಲ್ಲ ಬಂದರು. ಕಣ್ಣಿಲ್ಲದವನೊಬ್ಬ ರಸ್ತೆಗೆ ಬೆನ್ನು ಮಾಡಿ ಮನೆಯ ಕಡೆ ಮುಖ ಮಾಡಿ ನಿಂತಿದ್ದ. ಅವನನ್ನು ತಿರುಗಿಸಿ ನಿಲ್ಲಿಸಬೇಕೆಂದು ಯಾರಿಗೂ ಅನಿಸಲಿಲ್ಲ. ಯಾರೂ ಕೂಗಲಿಲ್ಲ, ಒಂದು ಮಾತೂ ಆಡಲಿಲ್ಲ. ಸಮಿತಿಯ ಹಿರಿಯ ತಾನೂ ಸೈನ್ಯದಲ್ಲಿದ್ದವನು. ಕಾರಿನಿಂದಿಳಿದು ಬಹಳ ಹೊತ್ತು ಅವರನ್ನೇ ನೋಡುತ್ತಾ ನಿಂತು, ಟೋಪಿ ತೆಗೆದು, ಹಾಗೇ ಹಿಂತಿರುಗಿದ. ಆಮೇಲೆ ನಿಯಮ ಬದಲಾಯಿತು. ತಾಯಿ ಕೊನೆಯವರೆಗೂ ಆ ಮನೆಯಲ್ಲೇ ಬಾಳಿದಳು.

"ಮೊದಲು ಬಂದ ಪಕ್ಕದ ಮನೆಯವನಿಗೂ ನಮ್ಮಪ್ಪನಿಗೂ ಬೇಲಿಯ ಜಗಳ. ವರ್ಷಗಟ್ಟಲೆ ಮಾತು ಬಿಟ್ಟಿದ್ದರು," ಎಂದಳು ಅಜ್ಜಿ.

ಭಾವ ಟೀ ಲೋಟ ಕೆಳಗಿಟ್ಟರು. "ಆಮ್ಯಾಕೆ ನಿಮ್ಮವ್ವನ ಜೊತೆಗಾದ್ರೂ ಸರಿಹೋದ್ನಾ ಅಂತ ಕೇಳು ಗಿರಿಜಾ."

ಅಜ್ಜಿ ಗಹಗಹಿಸಿ ನಕ್ಕಳು. "ಎಲ್ಲಿ! ಮಾರನೇ ದಿನವೇ ಬೇಲಿ ಇನ್ನೂ ಈಚೆಗೆ ಹಾಕಿದ."

"ಥೇಟ್ ನಮ್ಮೂರಿನಂಗೇ ಐತೆ," ಎಂದರು ಭಾವ.

ಆ ಯುದ್ಧಕ್ಕೆ ನಮ್ಮ ದೇಶದವರೂ ಬಂದಿದ್ದರಲ್ಲ, ಅವರಿಗೆ ಇಲ್ಲಿ ಮನೆ ಸಿಕ್ಕಿತ್ತೇ ಎಂದು ನಾನು ಕೇಳಿಸಿದೆ. ಅಜ್ಜಿ ಇಲ್ಲವೆಂದು ತಲೆಯಾಡಿಸಿದಳು. "ಅವರೆಲ್ಲ ಎಲ್ಲಿಗೆ ಹೋದರೆಂದು ನಾವು ಕೇಳಲೂ ಇಲ್ಲ," ಎಂದು ನನ್ನ ಎದೆಯ ಲಾಂಛನ ನೋಡಿ, ನನ್ನ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದುಕೊಂಡಳು. ಕಣ್ಣು ತುಂಬಿತ್ತು. ಎಲೆಯ ಮೇಲೆ ಜಾರಿಬಿದ್ದವನ ಕೈ ಅದು. ಹಿಡಿಯಬೇಕಾಗಿದ್ದ ಕೈ ಪಕ್ಕದ ಕುರ್ಚಿಯಲ್ಲಿ ಬಿಸ್ಕತ್ತು ಮುರಿಯುತ್ತಿತ್ತು. ಸಲ್ಯೂಟಿಗೆ ಉಬ್ಬಿದ್ದ ನಾನು ಆಗ ಮೊದಲ ಸಲ ಕುಗ್ಗಿದೆ. ನಾಳೆ ಎಲ್ಲರೆದುರಿಗೂ ನಿಜ ಹೇಳಬೇಕೆಂದು ತೀರ್ಮಾನಿಸಿದೆ.

ಸಮುದಾಯ ಭವನ

ವಾರಕ್ಕೊಮ್ಮೆ ಹಳ್ಳಿಯವರೆಲ್ಲ ಸೇರಿ ಟೀ ಕುಡಿಯುವ ಭವನವೊಂದಿದೆ. ಮಾರನೆಯ ದಿನ ಆ ಕೂಟವಿತ್ತು. ಅದರ ಉಸ್ತುವಾರಿ ಟಾಮ್ ಎಂಬ ಮಾಜಿ ಸೈನಿಕನದು. ಎರಡು ಕಾಲೂ ಇಲ್ಲ. ಆ ಚಳಿಯಲ್ಲೂ ಚಡ್ಡಿ ಹಾಕಿಕೊಂಡು, ಎರಡು ಲೋಹದ ಕಾಲುಗಳ ಮೇಲೆ ಟಕಟಕ ಓಡಾಡುತ್ತಾ ಟೀ ಬಗ್ಗಿಸುತ್ತಿದ್ದ. ಭಾವ ಹಿಂದಿನ ಸಾಲಿನಲ್ಲಿ ಕೂತು ಅವನ ಕಾಲುಗಳನ್ನೇ ನೋಡುತ್ತಿದ್ದರು. ಯಾರಾದರೂ ಗಮನಿಸಿದರೆ ಚಾವಣಿ ನೋಡುವರು.

ಟಾಮ್ ಲೋಟಕ್ಕೆ ಚಮಚ ಬಡಿದು, ಭಾರತದಿಂದ ಬಂದ ವೀರನಿಗೆ ಸ್ವಾಗತ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕುರ್ಚಿಯನ್ನು ಮುಂದಕ್ಕೆ ತಳ್ಳಿದರು. ಗಾಯವಾದದ್ದು ಹೇಗೆಂದು ನಾಲ್ಕು ಮಾತು ಹೇಳಬೇಕಂತೆ.

ನಾನು ಕುರ್ಚಿಯ ಕೈ ಹಿಡಿದು ಎದ್ದು ನಿಂತೆ. ಎದ್ದು ನಿಂತದ್ದಕ್ಕೇ ಮತ್ತೊಮ್ಮೆ ಚಪ್ಪಾಳೆ. ನಾನು ಸೈನಿಕನಲ್ಲ, ಲೀಫ್ ಮೇಲೆ ಬಿದ್ದೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಮೊದಲ ಮಾತನ್ನು ಮತ್ತೆ ವಿನಯವೆಂದುಕೊಂಡರು. ನಮ್ಮ ನಾಲಿಗೆಯಲ್ಲಿ ಅದು ಹೇಗೆ ಹೊರಳಿತೋ, ಅವರಿಗೆ "ಲೀವ್" ಎಂದು ಕೇಳಿಸಿತು. ಅಯ್ಯೋ ಪಾಪ, ರಜೆಯಲ್ಲಿದ್ದಾಗ ಗಾಯವಾಯಿತಂತೆ! ಮುಂದಿನ ಸಾಲಿನ ಹೆಂಗಸೊಬ್ಬಳು ಕರವಸ್ತ್ರ ತೆಗೆದಳು. ನಾನು ಬಿಡದೆ ಎಲೆ ಉದುರುವುದನ್ನು ಕೈಯಲ್ಲಿ ಅಭಿನಯಿಸಿ ತೋರಿಸಿದೆ. ಮೇಲಿಂದ ಕೆಳಗೆ ತೇಲುತ್ತಾ ಬರುವ ಎಲೆ.

"ಪ್ಯಾರಾಚೂಟ್!" ಎಂದ ಸಲ್ಯೂಟಿನ ಮುದುಕ.

ಹಿಂದಿನ ಸಾಲಿನಲ್ಲಿ ಏನೋ ಒಡೆದಂತೆ ಸದ್ದಾಯಿತು. ಭಾವ ನಗುತ್ತಿದ್ದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ, ಪಕ್ಕದವನ ಹೆಗಲಿಗೆ ಬಡಿಯುತ್ತಾ ನಗುತ್ತಿದ್ದರು. ನಗುತ್ತಲೇ ಎದ್ದು ಮುಂದೆ ಬಂದರು.

"ಕುಂತ್ಕಳ್ರಿ ಮೇಷ್ಟ್ರೆ, ಸಾಕು. ಇನ್ನೊಂದ್ ಮಾತಾಡಿದ್ರೆ ನಿಮಗೆ ಪರಮವೀರ ಚಕ್ರ ಕೊಟ್ಬಿಡ್ತಾರೆ."

ಅವರು ಸಭೆಯ ಕಡೆ ತಿರುಗಿ ನನ್ನನ್ನು ತೋರಿಸಿ ಸೈನ್ಯದಲ್ಲಿ ಕಲಿತ ಇಂಗ್ಲಿಷಿನಲ್ಲಿ, "ಹಿ ಸ್ಕೂಲ್ ಮಾಸ್ಟರ್. ಐ ಸೋಲ್ಜರ್," ಎಂದರು. ಅಷ್ಟು ಸಾಕಾಗಿತ್ತು. ಎಲ್ಲರಿಗೂ ಅರ್ಥವಾಗಿ ಸಭೆಯೇ ನಗತೊಡಗಿತ್ತು. ಆದರೂ ಭಾವ ಬಗ್ಗಿ, ಎಡಗಾಲಿನ ಪ್ಯಾಂಟನ್ನು ಮಂಡಿಯವರೆಗೂ ಮಡಚಿದರು. ಊರಿನಲ್ಲಿ ಅಕ್ಕನ ಹೊರತು ಯಾರೂ ಕಾಣದ ಕಾಲನ್ನು ಒಂದು ಸಭೆಯ ಮುಂದೆ ಇಟ್ಟರು.

ನಗುತ್ತಿದ್ದವರು ನಗು ನಿಲ್ಲಿಸಿದರು. ಬಣ್ಣ ಹೋದ, ಪಟ್ಟಿ ಸವೆದ ಕಾಲು ಅದು. ಮೊಂಡುಗಾಲು ಕೂರುವ ಬಟ್ಟಲು ಸಡಿಲವಾಗಿ, ಅದರಂಚಿನಿಂದ ಅಕ್ಕನ ಹಳೆಯ ಸೀರೆಯ ಚಿಂದಿಗಳು ಹೊರಗೆ ಇಣುಕುತ್ತಿದ್ದವು. ಟಾಮ್ ಟೀ ಪಾತ್ರೆ ಬಿಟ್ಟು ಬಂದ. ಭಾವನ ಮುಂದೆ ಕುರ್ಚಿ ಎಳೆದುಕೊಂಡು ಕೂತು, ಆ ಚಿಂದಿಯನ್ನು ಎರಡು ಬೆರಳಲ್ಲಿ ಮುಟ್ಟಿ ಏನೋ ಹೇಳಿದ. ಗಿರಿಜಾ ಅದನ್ನು ಕನ್ನಡಕ್ಕೆ ತಿರುಗಿಸಿದಳು.

"ಅಪ್ಪ, ಅವ್ರೂ ಮೊದ್ಲು ಹಿಂಗೇ ಬಟ್ಟೆ ತುರುಕ್ತಿದ್ರಂತೆ. ಹೆಂಡ್ತಿ ದಿಂಬಿನ ಕವರ್ರು. ಹೊಸ ಕಾಲು ಕೇಳೋಕೆ ನಾಚಿಕೆ ಆಗಿ."

ಭಾವ ಟಾಮ್‌ನ ಎರಡು ಕಾಲುಗಳನ್ನು ಈಗ ಚಾವಣಿ ನೋಡದೆ ನೋಡಿದರು. ಆಮೇಲೆ ತಾವೇ ಪಟ್ಟಿ ಬಿಚ್ಚಿದರು.

ಹುಣ್ಣು ನಾನು ಅಂದುಕೊಂಡಿದ್ದಕ್ಕಿಂತ ಕೆಟ್ಟದಾಗಿತ್ತು. ಗಿರಿಜಾ ನೆಲದ ಮೇಲೆ ಕೂತು ಆ ಮೊಂಡುಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡಳು. ದಿನಾ ಎಷ್ಟೋ ಅಪರಿಚಿತರ ಗಾಯ ತೊಳೆಯುವವಳು ತನ್ನ ತಂದೆಯದನ್ನು ಕಂಡದ್ದು ಅದೇ ಮೊದಲು.

"ಎಷ್ಟ್ ದಿನದಿಂದ ಅಪ್ಪ ಇದು?"

"ಅಳಬ್ಯಾಡವ್ವ. ತೊಳಿ," ಎಂದರು ಭಾವ.

ಇಬ್ಬರಿಗೂ ಕುರ್ಚಿ

ಮಾರನೆಯ ದಿನ ಪಕ್ಕದ ಊರಿನ ಡಾಕ್ಟರಿಗೆ ತೋರಿಸಿದೆವು. ಸಡಿಲ ಬಟ್ಟಲು ಉಜ್ಜಿ ಉಜ್ಜಿ ಆದ ಹುಣ್ಣು, ಸೋಂಕು ಮೂಳೆಗೆ ಹೋಗಿಲ್ಲ, ಕತ್ತರಿಸುವ ಮಾತೇ ಬೇಡ ಎಂದರು. ಆದರೆ ಹುಣ್ಣು ಮಾಯುವವರೆಗೆ ಆ ಕಾಲು ಕಟ್ಟುವಂತಿಲ್ಲ. ಹೀಗಾಗಿ ಉಳಿದ ದಿನಗಳಲ್ಲಿ ನಾವಿಬ್ಬರೂ ಒಂದೊಂದು ಗಾಲಿಕುರ್ಚಿಯಲ್ಲಿ ಕೂತು ಇಂಗ್ಲೆಂಡ್ ನೋಡಿದೆವು. ಅಂದರೆ ಆ ಹುಲ್ಲುಬಯಲನ್ನು ನೋಡಿದೆವು. ಭಾವ ಮೂರೇ ದಿನದಲ್ಲಿ ಕುರ್ಚಿ ಓಡಿಸುವುದನ್ನು ಕಲಿತು ಟಾಮ್‌ನ ಜೊತೆ ಪಂದ್ಯ ಕಟ್ಟಿದರು. ನಾನು ಮಾರ್ಗರೆಟ್ ಅಜ್ಜಿಯ ಹೂವಿನ ಪಾತಿಗೆ ನುಗ್ಗಿದೆ. ಆಕೆ ಮೊದಲು ನನಗೆ ಪೆಟ್ಟಾಯಿತೇ ಎಂದು ಕೇಳಿದಳು. ಆಮೇಲೆ ಬೇಲಿಯ ಜಗಳದ ನೆನಪಾಗಿ ಬಹಳ ಹೊತ್ತು ನಕ್ಕಳು.

ಸಲ್ಯೂಟಿನ ಮುದುಕ ಭಾವನ ಮುಂದೆ ಬಂದು ಹೊಸದಾಗಿ ಸಲ್ಯೂಟ್ ಹೊಡೆದ. ಭಾವ ಕೂತಲ್ಲೇ ಬೆನ್ನು ಸೆಟೆಸಿ ತಿರುಗಿ ಹೊಡೆದದ್ದನ್ನು ನೋಡಿದಾಗ ನನ್ನ ಎಡಗೈಯನ್ನು ಎಲ್ಲಿ ಬಚ್ಚಿಡಲಿ ಎನಿಸಿತು. ಬ್ಲೇಜರನ್ನು ಅದೇ ಸಂಜೆ ಮಡಚಿ ಅವರಿಗೆ ಕೊಟ್ಟೆ. ನನ್ನ ಸೂಟ್‌ಕೇಸು ಬಂದಿರಲಿಲ್ಲ. ಗಿರಿಜಾಳ ಗುಲಾಬಿ ಬಣ್ಣದ ಸ್ವೆಟರಿನಲ್ಲಿ ಉಳಿದ ದಿನಗಳನ್ನು ಕಳೆದೆ. ಅದರಲ್ಲಿ ನನ್ನನ್ನು ಯಾರೂ ಯೋಧನೆಂದು ತಿಳಿಯಲಿಲ್ಲ.

ಮತ್ತೆ ಧರ್ಮಪುರ

ಊರಿಗೆ ಬಂದು ಹುಣ್ಣು ಪೂರ್ತಿ ಮಾಯ್ದ ಮೇಲೆ ಭಾವ ತಾವೇ ಸೈನ್ಯದ ಆಸ್ಪತ್ರೆಗೆ ಹೋಗಿ ಕಾಲು ಬದಲಿಸಿಕೊಡಿ ಎಂದು ಕೇಳಿದರು. ಅದು ಅವರಿಗೆ ಮೊದಲಿನಿಂದಲೂ ಸಲ್ಲಬೇಕಾದ್ದೇ, ಕೇಳಿರಲಿಲ್ಲ ಅಷ್ಟೆ. ಹೊಸ ಕಾಲಿನಲ್ಲಿ, ಖಾಕಿ ಚಡ್ಡಿಯಲ್ಲಿ ಧರ್ಮಪುರದ ಬಸ್ ನಿಲ್ದಾಣದಲ್ಲಿ ಇಳಿದರಂತೆ. ಟೀ ಅಂಗಡಿಯಲ್ಲಿದ್ದವರೆಲ್ಲ ನೋಡಿದರಂತೆ. "ನೋಡ್ರಿ, ನೋಡ್ರಿ, ಮುಟ್ಟಿ ಬೇಕಾದ್ರೂ ನೋಡ್ರಿ," ಎಂದರಂತೆ ಭಾವ. ಅಕ್ಕ ಫೋನಿನಲ್ಲಿ ಇದನ್ನು ಹೇಳುವಾಗ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

ಮುಂದಿನ ತಿಂಗಳು ಹೋದಾಗ ಮನೆಯ ಮುಂದಿನ ಕಲ್ಲುಮೆಟ್ಟಿಲುಗಳು ಕಾಣಲಿಲ್ಲ. ಭಾವ ಅವುಗಳನ್ನು ಕೀಳಿಸಿ, ಚಪ್ಪಡಿ ಹಾಸಿ, ಬೀದಿಯಿಂದ ಬಾಗಿಲಿಗೆ ಇಳಿಜಾರು ಮಾಡಿಸಿದ್ದರು. ಹೊಸ್ತಿಲನ್ನೂ ತೆಗೆಸಿದ್ದರು. ಅದಕ್ಕೆ ಅಕ್ಕ ಒಪ್ಪಿದ್ದೇ ದೊಡ್ಡದು.

"ನಿಮಗೆ ಹೊಸ ಕಾಲು ಐತಲ್ಲ ಭಾವ, ಇದ್ಯಾಕೆ?" ಎಂದೆ.

"ನಂಗಲ್ಲ ಮೇಷ್ಟ್ರೆ. ಇರ್ರಿ, ಬರ್ತಾನೆ."

ಮೊದಲು ಬಂದದ್ದು ಅವರ ದೊಡ್ಡ ಟಗರು. ಇಳಿಜಾರು ಹತ್ತಿ ನೇರ ನಡುಮನೆಗೆ ನುಗ್ಗಿತು. ನಾನು ಅಡ್ಡ ಹೋಗಿ ಅದರ ಕೊಂಬಿಗೆ ಸಿಕ್ಕಿ ಅಕ್ಕನ ರಾಗಿ ಮೂಟೆಯ ಮೇಲೆ ಬಿದ್ದೆ. ಅದನ್ನು ಹೊರಗೆ ಅಟ್ಟುವಷ್ಟರಲ್ಲಿ ಬೀದಿಯಲ್ಲಿ ಚಕ್ರದ ಸದ್ದಾಯಿತು. ಎದುರು ಸಾಲಿನ ಓಬಳೇಶಿ. ಮಗುವಾಗಿದ್ದಾಗ ಪೋಲಿಯೋ ಬಂದು ಎರಡು ಕಾಲೂ ಸೋತವನು. ಚಕ್ರ ಹಚ್ಚಿದ ಹಲಗೆಯ ಮೇಲೆ ಕೂತು, ಕೈಯಿಂದ ನೆಲ ಒತ್ತುತ್ತಾ ಓಡಾಡುತ್ತಾನೆ. ಬಸ್ ನಿಲ್ದಾಣದ ಹತ್ತಿರ ಕೊಡೆ, ಚಪ್ಪಲಿ ರಿಪೇರಿ ಮಾಡುತ್ತಾನೆ. ನಾನು ಅವನನ್ನು ಎಷ್ಟೋ ವರ್ಷದಿಂದ ನೋಡಿದ್ದೇನೆ. ಅಕ್ಕ ಕೊಟ್ಟ ಟೀಯನ್ನು ಅವನು ಬೀದಿಯಲ್ಲೇ ಕುಡಿದು ಲೋಟವನ್ನು ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದ. ಅದರಲ್ಲಿ ವಿಶೇಷವೇನಾದರೂ ಇದೆಯೆಂದು ನನಗಾಗಲಿ ಯಾರಿಗಾಗಲಿ ಅನಿಸಿರಲಿಲ್ಲ.

ಓಬಳೇಶಿ ಇಳಿಜಾರಿನ ಕೆಳಗೆ ನಿಂತು ಮೇಲೆ ನೋಡಿದ.

"ಬಾರಲೇ ಒಳಗೆ," ಎಂದರು ಭಾವ.

"ನಾನ್ಯಾಕೆ ಬಿಡ್ರಿ ಹವಾಲ್ದಾರ್ರೆ, ಇಲ್ಲೇ ಇರ್ತೀನಿ."

"ಟಗರು ಬಂದು ಹೋಯ್ತು, ನಿಂದೇನು? ಬಾ."

ಅವನು ಕೈಯೂರಿ ಒತ್ತಿದ. ಹಲಗೆ ಅರ್ಧ ಹತ್ತಿ ಹಿಂದಕ್ಕೆ ಜಾರಿತು. ನಾನು ಹಿಡಿಯಲು ಹೋದೆ, ಭಾವ ಬೇಡವೆಂದು ಕಣ್ಣಲ್ಲೇ ತಡೆದರು. ಎರಡನೆಯ ಸಲ ಓಬಳೇಶಿ ಉಸಿರು ಬಿಗಿಹಿಡಿದು ಜೋರಾಗಿ ಒತ್ತಿದ. ಹಲಗೆ ಬಾಗಿಲು ದಾಟಿ ನಡುಮನೆಯ ಮಧ್ಯಕ್ಕೆ ಬಂದು ನಿಂತಿತು. ಅಕ್ಕ ಟೀ ಲೋಟ ಹಿಡಿದು ಒಳಗಿನಿಂದ ಬಂದಳು. ಅವನು ಲೋಟಕ್ಕೆ ಕೈ ಚಾಚಲಿಲ್ಲ. ತಲೆಯೆತ್ತಿ ತೊಲೆಗಳನ್ನು ನೋಡಿದ, ಗೂಡಿನಲ್ಲಿದ್ದ ದೀಪ ನೋಡಿದ, ಗೋಡೆಯ ಮೇಲೆ ಸಮವಸ್ತ್ರದಲ್ಲಿದ್ದ ಭಾವನ ಹಳೆಯ ಫೋಟೋ ನೋಡಿದ, ಒಳಕೋಣೆಯ ಕಡೆಗೂ ಕತ್ತು ಚಾಚಿ ನೋಡಿದ.

"ಓಹೋ," ಎಂದ ಓಬಳೇಶಿ. "ನಿಮ್ಮನೆ ಒಳಗೆ ಹಿಂಗೈತಾ?"